ಊಂ ಅನ್ನದ ಮಿಷನ್ನು

ಹಳ್ಳಿ ಕತೆಗಳನ್ನು ದಾಖಲಿಸುವ ಕೆಲಸ ಸಿಕ್ಕಿ, ಕೆ.ಆರ್. ಪೇಟೆಯಲ್ಲಿ ಒಬ್ಬನೇ ರೂಮು ಮಾಡಿಕೊಂಡಿದ್ದೆ. ಫೋನಿನಲ್ಲಿ ಬರೀ ಗಾಳಿಯೇ ರೆಕಾರ್ಡಾಗುತ್ತಿತ್ತು. ಹಾಗಾಗಿ ಮೈಸೂರಿನ ಅಂಗಡಿಗೆ ಹೋಗಿ, ಉಸಿರಾಡಿದ್ದೂ ಕೇಳಿಸುವಂಥ ವಾಯ್ಸ್ ರೆಕಾರ್ಡರ್ ಆರಿಸಿ ತಂದೆ. ಅದು ಓಡುತ್ತಿರುವಾಗ ನಾನು ತುಟಿ ಪಿಟಕ್ಕೆನ್ನಬಾರದು ಅಂತ ಆಫೀಸಿನವರ ಅಪ್ಪಣೆ.

ಗೋವಿಂದನಹಳ್ಳಿಯಲ್ಲಿ ಬಡಗಿ ಮನೆಯ ಅಜ್ಜಿಯೊಬ್ಬರು ಕತೆ ಶುರು ಮಾಡಿದರು. ರಾಜಕುಮಾರ ಕಾಡಿಗೆ ಕಾಲಿಟ್ಟಿದ್ದೇ ತಡ, ನಿಲ್ಲಿಸಿಬಿಟ್ಟರು.

"ಯಾಕ್ಲಾ ಮಗ, ನಿದ್ದೆ ಬಂದ್ಬುಡ್ತಾ?"

"ಇಲ್ಲ ಅಜ್ಜಿ, ಹೇಳಿ. ಈ ಮಿಷನ್ನು ಕೇಳಿಸ್ಕೊತಾ ಇದೆ."

"ಅದು ಊಂ ಅಂತದಾ?"

"ಇಲ್ಲ."

"ಮತ್ತೆ ನಾನು ಯಾರ್ಗ್ಲಾ ಯೋಳ್ಲಿ, ಗ್ವಾಡೆಗಾ? ಊಂ ಅನ್ನೋರಿಲ್ದೆ ಕತೆ ಮುಂದಕ್ಕೋಗಕಿಲ್ಲ ಕಣ್ಲಾ."

ಸೋತೆ. ಮಾತುಮಾತಿಗೂ ಊಂ ಅಂದೆ. ಕತೆ ಕಾಡು ದಾಟಿತು.

ಆಫೀಸಿನವರು ಆ ರೆಕಾರ್ಡಿಂಗ್ ಕೇಳಿ, "ಮಧ್ಯೆ ಮಧ್ಯೆ ಯಾರ್ರೀ ನರಳ್ತಿರೋದು?" ಅಂದರು. ಕಂಪ್ಯೂಟರಿನಲ್ಲಿ ನನ್ನ ಊಂಗಳನ್ನೆಲ್ಲ ಅಳಿಸಿ ಕಳಿಸಿದೆ. ಅವಿದ್ದ ಕಡೆಯೆಲ್ಲ ಒಂದೊಂದು ಪುಟ್ಟ ಮೌನ ಉಳಿದುಕೊಂಡಿತು.

ಈ ರೂಮಿಗೆ ಯಾರೂ ಬರುವುದಿಲ್ಲ. ಸಂಜೆ ಅನ್ನಕ್ಕಿಟ್ಟು ಆ ಕತೆ ಹಾಕಿಕೊಂಡು ಕೂರುತ್ತೇನೆ. ಅಜ್ಜಿ ಒಂದು ಮಾತು ಹೇಳಿ ನಿಲ್ಲುತ್ತಾರೆ; ನಾನು ಊಂ ಅನ್ನುತ್ತೇನೆ. ಅನ್ನದಿದ್ದರೂ ಈಗ ಕತೆಯೇನೂ ನಿಲ್ಲುವುದಿಲ್ಲ. ಆದರೆ ಎಷ್ಟೋ ದಿನ ನಾನು ಬಾಯಿ ಬಿಡುವುದು ಅಷ್ಟಕ್ಕೇ.