ಸಿಡುಕಣ್ಣ ಮತ್ತು ಮೂರನೇ ನಾಜಲ್

ಅವನಿಗೆ ಸಿಡುಕಣ್ಣ ಎಂದು ಹೆಸರಿಟ್ಟವರು ಯಾರೋ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ, ಸಿಡುಕಿಕೊಂಡೇ. ಡೀಸೆಲ್ ಇಂಜಿನ್ನಿನೊಳಗೆ ಎಣ್ಣೆ ಸಿಂಪಡಿಸುವ ನಾಜಲ್ ಬದಲಾಯಿಸುವುದು, ಅದರ ಪ್ರೆಷರ್ ಸರಿಮಾಡುವುದು, ಇಷ್ಟೇ ಅವನ ಕಸುಬು. ಬೇರೆ ರಿಪೇರಿ ತಂದವರನ್ನು ಬಾಗಿಲಿನಿಂದಲೇ ಸಾಗಹಾಕುತ್ತಿದ್ದ.

ಬಾಯಿ ಹೇಗೇ ಇರಲಿ, ಕೈಯಲ್ಲಿ ಶಿಸ್ತಿತ್ತು. ನಾಜಲ್ ಹಿಡಿದಿರುವ ಇಂಜೆಕ್ಟರಿನ ಅಡಿಯಲ್ಲಿ ಕೂರುವ ತಾಮ್ರದ ವಾಷರನ್ನು ಎರಡನೇ ಸಲ ಹಾಕುವಂತಿಲ್ಲ. ಒಂದೊಂದು ಗಾಡಿಯಿಂದ ಕಿತ್ತ ಹಳೆಯದನ್ನೆಲ್ಲ ಒಂದೊಂದು ತಂತಿಗೆ ಪೋಣಿಸಿ ಮೊಳೆಗೆ ನೇತುಹಾಕಬೇಕು. ತಂತಿಯ ಲೆಕ್ಕ ಸರಿಯಿದ್ದರಷ್ಟೇ ಹೊಸದರ ಡಬ್ಬಿಗೆ ಕೈ. ಕೆಲಸ ಮುಗಿದ ತಂತಿಗಳನ್ನು ಹೆಂಡತಿ ಹಿತ್ತಲ ಕಿಟಕಿಗೆ ಕಟ್ಟುತ್ತಿದ್ದಳು. ಗಾಳಿ ಬಂದರೆ ಗಲಗಲ ಅನ್ನುತ್ತಿತ್ತು, ಕಾಗೆಗಳು ಹತ್ತಿರ ಸುಳಿಯುತ್ತಿರಲಿಲ್ಲ.

ಆ ದಿನ ಬಂದದ್ದು ಷಡ್ಡಕನ ಕೆಲಸ, ಅಂದರೆ ಹೆಂಡತಿಯ ತಂಗಿಯ ಗಂಡನದು. ಅವನ ಮಿನಿ ಬಸ್ಸು ಕರಿ ಹೊಗೆ ಕಾರುತ್ತಿತ್ತು. ಸಂಜೆಯೊಳಗೆ ಹೊಗೆ ತಪಾಸಣೆಯಲ್ಲಿ ಪಾಸಾಗದಿದ್ದರೆ ಅವನ ರೂಟು ಬೇರೆಯವರ ಪಾಲು. "ನಾನು ಮುಟ್ಟಿದ ಮೇಲೂ ಹೊಗೆ ಬಂದ್ರೆ ಮೀಸೆ ಬೋಳಿಸ್ಕೋತೀನಿ" ಎಂದು ಸಿಡುಕಣ್ಣ ಮಾವನ ಮನೆಯವರೆಲ್ಲರ ಮುಂದೆ ಜಂಬ ಕೊಚ್ಚಿದ್ದ.

ಬೆಳಿಗ್ಗೆ ಇಂಜೆಕ್ಟರುಗಳನ್ನು ಬಿಚ್ಚಿ ವಾಷರ್ ಪೋಣಿಸುತ್ತಿರುವಾಗ ಷಡ್ಡಕ ತಲೆಯ ಮೇಲೇ ನಿಂತಿದ್ದ. "ಭಾವ, ಆ ಹೊಸ ಗ್ಯಾರೇಜಲ್ಲಿ ಎಲ್ಲಾ ಕಂಪ್ಯೂಟರೇ ನೋಡ್ಕೊಳ್ಳುತ್ತಂತೆ."

"ಹಂಗಾದ್ರೆ ಅದನ್ನೇ ಮದುವೆ ಆಗೋಗು!" ಎಂದು ಸಿಡುಕಣ್ಣ ತಂತಿಯನ್ನು ಮೂಲೆಗೆ ಬೀಸಿ ಒಗೆದ. ಅದೇ ಸಿಟ್ಟಿನಲ್ಲಿ ಇಂಜೆಕ್ಟರುಗಳಿಗೆ ಹೊಸ ನಾಜಲ್ ಕೂರಿಸಿದ. ಕೈಪಂಪಿನ ಟೆಸ್ಟರಿಗೆ ಸಿಕ್ಕಿಸಿ ಒತ್ತಿದರೆ ಡೀಸೆಲ್ಲು ಮಂಜಿನ ಹಾಗೆ ಚಿಮ್ಮಿತು, ತುದಿಯಲ್ಲಿ ಒಂದು ತೊಟ್ಟೂ ನಿಲ್ಲಲಿಲ್ಲ. ಹೊಸ ವಾಷರ್ ಹಾಕಿ ಬಿಗಿದು ಸ್ಟಾರ್ಟ್ ಮಾಡಿಸಿದ. ಟಕಟಕ ಸದ್ದು, ಹಿಂದಿನಿಂದ ಕಾಡಿಗೆಯಂಥ ಹೊಗೆ.

ಇಂಜೆಕ್ಟರಿಗೆ ಡೀಸೆಲ್ ಒಯ್ಯುವ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನೋಡಿದ. ಮೂರನೆಯದನ್ನು ಸಡಿಲಿಸಿ ಅಲ್ಲಿಗೆ ಡೀಸೆಲ್ ತಪ್ಪಿಸಿದಾಗ ಟಕಟಕ ನಿಂತಿತು. ಕಳ್ಳ ಸಿಕ್ಕ ಎಂದು ಅದನ್ನು ಬಿಚ್ಚಿ ಟೆಸ್ಟರಿಗೆ ಹಾಕಿದರೆ ಅದೇ ಮಂಜು, ಏನೂ ದೋಷವಿಲ್ಲ. ಪ್ರೆಷರ್ ಏರಿಸಲು ಸ್ಪ್ರಿಂಗಿನ ಮೇಲೆ ಇನ್ನೊಂದು ತೆಳು ಬಿಲ್ಲೆ ಇಟ್ಟ. ಹೊಗೆ. ಬಿಲ್ಲೆ ತೆಗೆದ. ಹೊಗೆ. ಪಕ್ಕದ ಇಂಜೆಕ್ಟರನ್ನೇ ತಂದು ಮೂರನೇ ತೂತಿಗೆ ಹಾಕಿದ. ಆಗಲೂ ಹೊಗೆ! ಸ್ಪ್ಯಾನರ್ ಜಾರಿ ಬೆರಳಿನ ಚರ್ಮ ಕಿತ್ತು ಬಂತು. ನಾಜಲ್ ಮಾಡಿದವನಿಗೂ ಇಂಜಿನ್ ಕಂಡುಹಿಡಿದವನಿಗೂ ಸಮನಾಗಿ ಬೈದು ಷಡ್ಡಕನ ಕಡೆ ತಿರುಗಿದ.

"ಯಾವ ಚರಂಡಿ ಡೀಸೆಲ್ ಹೊಯ್ದಿದ್ದೀಯೋ?"

"ನೀವೇ ಹೇಳಿದ ಬಂಕಲ್ಲಿ ಹಾಕ್ಸಿದ್ದು ಭಾವ! ಸಾಕು, ಆ ಕಂಪ್ಯೂಟರ್‌ನವನನ್ನೇ ಕರ್ಕೊಂಡು ಬರ್ತೀನಿ. ಮೀಸೆ ವಿಷಯ ಆಮೇಲೆ ಮಾತಾಡೋಣ." ಅವನು ದುರ್ದಾನ ತೆಗೆದುಕೊಂಡವನಂತೆ ಹೊರಟೇಹೋದ.

ಹೆಂಡತಿ ಊಟದ ಕ್ಯಾರಿಯರ್ ಹಿಡಿದು ಬಂದಾಗ ಸಿಡುಕಣ್ಣ ಬಂಪರಿನ ಮೇಲೆ ತಲೆ ಹಿಡಿದು ಕೂತಿದ್ದ.

"ಏನ್ರೀ, ಇವತ್ತಿನ ಸರ ಯಾಕೆ ಮೂಲೇಲಿ ಬಿದ್ದಿದೆ?"

"ಮುಟ್ಬೇಡ ಅದನ್ನ. ನನ್ನ ತಲೆ ಕೆಟ್ಟಿದೆ."

"ಅದು ಇವತ್ತು ಕೆಟ್ಟಿದ್ದಲ್ಲ ಬಿಡಿ." ಅವಳು ತಂತಿ ಎತ್ತಿ ಧೂಳು ಕೊಡವಿದಳು. "ಈ ಬಸ್ಸಿಗೆ ಎಷ್ಟು ನಾಜಲ್ಲು?"

"ನಾಲ್ಕು. ಯಾಕೀಗ?"

"ಇಲ್ಲಿ ಮೂರೇ ಇದೆಯಲ್ಲ."

ಸಿಡುಕಣ್ಣ ಥಟ್ಟನೆ ಎದ್ದು ಮೂರನೇ ಇಂಜೆಕ್ಟರನ್ನು ಮತ್ತೆ ಬಿಚ್ಚಿದ. ಟಾರ್ಚ್ ಹಿಡಿದು ಮೂರನೇ ತೂತಿಗೆ ಇಣುಕಿ ಕೊಕ್ಕೆಯಿಂದ ಕೆರೆದ. ಮಸಿಯ ಅಡಿಯಿಂದ ತಾಮ್ರದ ಕೆಂಪು ಹೊಳೆಯಿತು. ಹಳೇ ವಾಷರ್ ತಳಕ್ಕೆ ಕಚ್ಚಿಕೊಂಡೇ ಕೂತಿತ್ತು. ಹೊಸದು ಅದರ ಮೇಲೆ ಕೂತು, ನಾಜಲ್ಲು ಒಂದಿಷ್ಟು ಮೇಲೆದ್ದು, ಡೀಸೆಲ್ಲು ಬೀಳಬೇಕಾದ ಕಡೆ ಬಿಟ್ಟು ಎಲ್ಲೆಲ್ಲೋ ಬೀಳುತ್ತಿತ್ತು.

ಅದನ್ನು ಕಿತ್ತು, ತೂತು ಒರೆಸಿ, ಇಂಜೆಕ್ಟರುಗಳನ್ನು ಅವುಗಳ ಜಾಗಕ್ಕೆ ಸೇರಿಸಿ ಮತ್ತೆ ಸ್ಟಾರ್ಟ್ ಮಾಡಿದ. ಇಂಜಿನ್ನು ಗುರ್ ಎಂದು ಒಂದೇ ಸಮ ಓಡಿತು. ಸೈಲೆನ್ಸರಿನ ಬಾಯಲ್ಲಿ ಬಿಸಿಗಾಳಿ ಬಿಟ್ಟರೆ ಏನೂ ಇಲ್ಲ.

ಹಳೇ ವಾಷರ್ ಅವನ ಜೇಬು ಸೇರಿತು. ನಾಜಲ್ಲೇ ಸರಿಯಿರಲಿಲ್ಲ ಅಂದರೆ ಕೇಳುವವರಾರು? ಹೆಂಡತಿ ಜೇಬನ್ನೊಮ್ಮೆ ನೋಡಿ ಕ್ಯಾರಿಯರ್ ಬಿಚ್ಚತೊಡಗಿದಳು.

ಷಡ್ಡಕ ಒಬ್ಬನೇ ಏದುಸಿರು ಬಿಡುತ್ತ ಬಂದ. "ಅವನಿಗೆ ನಾಳೇವರೆಗೂ ಪುರುಸೊತ್ತಿಲ್ವಂತೆ..." ಎಂದವನು ಇಂಜಿನ್ನಿನ ಸದ್ದು ಕೇಳಿ ನಿಂತ. "ಅರೆ! ಏನಾಗಿತ್ತು ಭಾವ?"

ಸಿಡುಕಣ್ಣ ಹಲ್ಲು ಕಡಿದ. ಜೇಬಿಗೆ ಕೈ ಹಾಕಿ ವಾಷರನ್ನು ಟೇಬಲ್ ಮೇಲೆ ಕುಕ್ಕಿದ. "ಇದಾಗಿತ್ತು! ಹಳೇದು ತೆಗೀದೆ ಹೊಸದು ಹಾಕಿದ್ದೆ. ನಿನ್ನ ಡೀಸೆಲ್ ಅಲ್ಲ, ನಾನು! ಕೇಳಿಸ್ತಾ? ಇನ್ನೊಂದ್ಸಲ ಹೇಳಲ್ಲ."

"ತಪ್ಪೊಪ್ಪಿಕೊಳ್ಳೋದೂ ಬೈದ ಹಾಗೇ ಇದೆಯಲ್ಲ ಭಾವ!"

"ಹೊರಡ್ತೀಯೋ ಇಲ್ವೋ? ತಪಾಸಣೆಯವರು ಬಾಗಿಲು ಹಾಕ್ಕೊಂಡು ಹೋಗ್ತಾರೆ!"

ಷಡ್ಡಕ ಬಸ್ಸು ಹತ್ತಿ ಹೋದ ಮೇಲೆ ಸಿಡುಕಣ್ಣ ತುತ್ತು ಬಾಯಿಗಿಡದೆ ಕೂತ. ಅನ್ನ ಆರಿತು. ಕೊನೆಗೆ ಹೆಂಡತಿಯ ಫೋನು ರಿಂಗಾಯಿತು. "ಪಾಸಂತೆ" ಎಂದಳು. "ಮೀಸೆ ಭಾನುವಾರದವರೆಗೆ ಇಟ್ಕೊಂಡಿರಿ, ಮನೆಯವರೆಲ್ಲ ಸೇರಿದಾಗ ತೀರ್ಮಾನ ಮಾಡೋಣ ಅಂದ."

"ಅವನಜ್ಜಿ ಪಿಂಡ!" ಎಂದು ಎದ್ದ ಸಿಡುಕಣ್ಣ ನಾಲ್ಕನೇ ವಾಷರನ್ನು ಪೋಣಿಸಿ ಮೊಳೆಗೆ ತಗುಲಿಸಿದ. ಮೊಳೆ ಸಡಿಲವಾಗಿತ್ತು. ಅದಕ್ಕೂ ಬೈದು ಸುತ್ತಿಗೆ ತರಲು ಹೋದ.