ಹೆರದವರ ಹಾಲು

ದೇವರು, ದೆವ್ವ, ಮಾಟ, ಪವಾಡ ಯಾವುದನ್ನೂ ನಾನು ಒಪ್ಪುವವನಲ್ಲ. ಬಿಜಾಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತಾಗಿನಿಂದ ನನಗೊಂದು ಚಟ. ಯಾರು ಏನೇ ಹೇಳಲಿ, ಕಂಡವರು ಯಾರು, ಎಷ್ಟು ದೂರದಿಂದ ಕಂಡರು, ಸುಳ್ಳು ಹೇಳಿದರೆ ಅವರಿಗೇನು ಲಾಭ ಎಂದು ಕೇಳುತ್ತೇನೆ. ಈ ಪ್ರಶ್ನೆಗಳ ಎದುರು ನಿಂತ ದೆವ್ವವನ್ನು ನಾನಿನ್ನೂ ನೋಡಿಲ್ಲ. ಈಗ ಹೇಳುವ ಸಂಗತಿಯಲ್ಲಿ ಕಂಡವನು ನಾನೇ, ಅದೂ ಹಗಲಿನಲ್ಲಿ, ಕೈಯಳತೆಯಲ್ಲಿ. ಲಾಭವೆಂದರೆ ಗೆಳೆಯರ ನಗೆ ಅಷ್ಟೆ.

ಗರ್ಭಪಾತದ ಕಾಯ್ದೆ ಬಂದು ಒಂದೆರಡು ವರ್ಷವಾಗಿತ್ತು. ಹೆಣ್ಣಿಗೆ ದಾರಿ ತೆರೆದಿದೆ, ಇನ್ನು ತಿಪ್ಪೆಯಲ್ಲಿ ಕೂಸು ಸಿಗುವುದಿಲ್ಲ ಎಂದು ವಾದಿಸಿ ನಾನು ಬಹುಮಾನ ಗೆದ್ದಿದ್ದೆ. ಆ ಬೇಸಿಗೆ ರಜೆಗೆ ದೊಡ್ಡವ್ವನ ಊರಿಗೆ ಹೋದೆ. ಬಸವನಬಾಗೇವಾಡಿಯಿಂದ ಮಸೂತಿಯ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಸಣ್ಣ ಊರು. ದೊಡ್ಡವ್ವ ಗಂಗವ್ವ ನನ್ನ ತಾಯಿಯ ಅಕ್ಕ, ಅರವತ್ತು ದಾಟಿದ ವಿಧವೆ. ಒಂದೂ ಹೆತ್ತವಳಲ್ಲ.

ಒಂದು ಬೆಳಗ್ಗೆ ಕಣಿಕೆಯ ಬಣವೆಯಲ್ಲಿ, ಜೋಳದ ದಂಟಿನ ಸಂದಿಯಲ್ಲಿ, ಆಗಷ್ಟೇ ಹುಟ್ಟಿದ ಕೂಸು ಸಿಕ್ಕಿತು. ಜೀವವಿತ್ತು. ಇರುವೆ ಕಚ್ಚಿ ಒಂದು ಕಣ್ಣು ಬಾತು ಮುಚ್ಚಿತ್ತು. ಚಾವಡಿಗೆ ತಂದು ಗೋಣಿತಟ್ಟಿನ ಮೇಲೆ ಮಲಗಿಸಿದರು. ಒಬ್ಬ ಬಟ್ಟೆ ಸರಿಸಿ ನೋಡಿ, "ಹೆಣ್ಣ ಐತಿ ತಗೋರಿ," ಎಂದ. "ಗಂಡಾಗಿದ್ರ ಇಷ್ಟೊತ್ತಿಗಿ ಯಾರರ ಬಗಲಾಗ ಇರ್ತಿತ್ತು," ಎಂದು ಇನ್ನೊಬ್ಬ ನಕ್ಕ. ಆಡಿನ ಹಾಲನ್ನು ಅರಳೆಯಿಂದ ಬಾಯಿಗೆ ಹಿಂಡಿದರು. ಕೂಸು ಅದನ್ನು ಕಾರಿಕೊಂಡು ಮತ್ತೆ ಅಳತೊಡಗಿತು.

ಹೆತ್ತವಳು ಯಾರೆಂದು ದೊಡ್ಡವ್ವ ನನಗೆ ಹೇಳಿದ್ದು ಮರುದಿನ. ಇದು ಪತ್ತೇದಾರಿ ಕತೆಯಲ್ಲವಾದ್ದರಿಂದ ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಅವಳು ಪಕ್ಕದ ಮನೆಯ ನೀಲವ್ವ, ಇಪ್ಪತ್ತೈದು ವರ್ಷದ ವಿಧವೆ. ಬಸಿರಿಗೆ ಕಾರಣ ಅದೇ ಮನೆಯಲ್ಲಿದ್ದ ಅವಳ ಗಂಡನ ಅಣ್ಣ. ಅವನು ಅವಳನ್ನು ಕೇಳಿ ಮಾಡಿದ್ದಲ್ಲ. ಮೊದಲ ತಿಂಗಳುಗಳಲ್ಲೇ ಅವಳು ಕದ್ದು ಒಂದು ಸರಕಾರಿ ದವಾಖಾನೆಗೆ ಹೋಗಿದ್ದಳು. ಡಾಕ್ಟರು ಗಂಡನ ಸಹಿ ಕೇಳಿದರು. ಸತ್ತಾನ್ರಿ ಎಂದಳು. "ಹಂಗಾದ್ರ ನಿಮ್ಮ ಭಾವನ ಸಹಿ ತಗೊಂಡ ಬಾ," ಎಂದರಂತೆ. ವಯಸ್ಸಿಗೆ ಬಂದ ಹೆಂಗಸಿಗೆ ಇನ್ನೊಬ್ಬರ ಸಹಿ ಬೇಕೆಂದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಆದರೆ ತೀರ್ಮಾನವನ್ನು ಕಾಯ್ದೆ ಡಾಕ್ಟರ ಕೈಗೆ ಕೊಟ್ಟಿದೆ, ಹೆಂಗಸಿನ ಕೈಗಲ್ಲ. ಡಾಕ್ಟರು ಹೆದರಿದರೆ ದಾರಿ ಅಲ್ಲಿಗೇ ಮುಗಿಯಿತು.

ಪೊಲೀಸರು ಬರುವುದರೊಳಗೆ ಹೆತ್ತವಳನ್ನು ಹಿಡಿಯಬೇಕೆಂದು ಊರ ಗೌಡರು ಹಟ ಹಿಡಿದರು. ಅದಕ್ಕೆ ಆ ಊರಿನಲ್ಲಿ ಹಳೆಯ ಪದ್ಧತಿಯೊಂದಿತ್ತು. ಓಣಿಯ ಗಂಡನಿಲ್ಲದ ಹೆಂಗಸರನ್ನೆಲ್ಲ ಚಾವಡಿಯ ಹಿಂದಿನ ಕೋಣೆಗೆ ಒಬ್ಬೊಬ್ಬರಾಗಿ ಕರೆದು ಸೂಲಗಿತ್ತಿಯಿಂದ ಎದೆ ಹಿಂಡಿಸಿ ನೋಡುವುದು. ಹಾಲು ಕಂಡವಳ ತಲೆ ಬೋಳಿಸಿ, ಊರು ತಿರುಗಿಸಿ, ಆಮೇಲೆ ಪೊಲೀಸರಿಗೆ ಒಪ್ಪಿಸುವುದು. ಎಪ್ಪತ್ತು ದಾಟಿದ ಗೌಡರ ತಾಯಿ ಆಗಲೇ ಕತ್ತರಿ ತರಿಸಿಟ್ಟಿದ್ದಳು.

ನಾನು ಎದ್ದು ನಿಂತೆ. "ಇದು ಅನ್ಯಾಯರಿ, ಗೌಡ್ರ. ಹೆಣ್ಮಕ್ಕಳ ಮೈ ಮುಟ್ಟಿ ನೋಡೂ ಅಧಿಕಾರ ನಿಮಗ ಯಾರು ಕೊಟ್ರು?"

"ನೀ ಕಲತಾವ, ತಮ್ಮಾ. ಒಂದ ಮಾತ ಹೇಳು. ಕೆಡವಿಸ್ಕೊಳ್ಳಾಕ ಸರಕಾರ ಕಾಯ್ದೆ ಮಾಡೇತೋ ಇಲ್ಲೊ?"

"ಮಾಡೇತ್ರಿ."

"ದಾರಿ ಇದ್ದೂ ಹಡದು ಬಣವಿಯಾಗ ಒಗದಾಳಂದ್ರ ಅಕಿ ತಾಯೇನು?"

ಚಾವಡಿ ತಲೆದೂಗಿತು. ನನಗೆ ಬಹುಮಾನ ತಂದ ವಾದವೇ ಅದು, ಒಂದು ಮಾತೂ ಬದಲಾಗಿರಲಿಲ್ಲ. ನೀಲವ್ವನ ಭಾವ ಅಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತ, "ಖರೇ ಅಂದ್ರಿ ನೋಡ್ರಿ," ಎಂದ.

ಹೆಂಗಸರು ಗೋಡೆಗೆ ಒತ್ತಿ ನಿಂತಿದ್ದರು. ಕೊನೆಗೆ ನಿಂತ ನೀಲವ್ವನ ತುಟಿಯಲ್ಲಿ ರಕ್ತವಿರಲಿಲ್ಲ. ಸೂಲಗಿತ್ತಿ ಖಾಜಾಬಿ, "ಈ ಹೊಲಸ ಕೆಲಸ ನನ್ನ ಕೈಲೆ ಮಾಡಸಬ್ಯಾಡ್ರಿ," ಎಂದಳು. ಅವಳ ಗುಡಿಸಲಿದ್ದದ್ದು ಗೌಡರ ಜಾಗದಲ್ಲಿ. ಅದನ್ನು ಗೌಡರು ನೆನಪಿಸಿದ ಮೇಲೆ ಒಳಗೆ ಹೋದಳು. ದೊಡ್ಡವ್ವ ಮುಂದೆ ಬಂದು, "ಮೊದಲ ನಂದ ನೋಡವಾ ಖಾಜಾಬಿ. ಮುದುಕಿ ಹಡದಾಳೋ ಏನೋ, ಊರಿಗಿ ಗೊತ್ತಾಗ್ಲಿ," ಎಂದಳು. ಗಂಡಸರು ನಕ್ಕರು. ಕೂಸು ಅಳುತ್ತಲೇ ಇತ್ತು.

ಖಾಜಾಬಿ ಹೊರಗೆ ಬಂದಾಗ ಒಂದು ಕೈಯನ್ನು ಮೈಯಿಂದ ದೂರ ಹಿಡಿದಿದ್ದಳು. "ಹಾಲ ಐತ್ರಿ," ಎಂದಳು.

"ಯಾರಿಗಿ, ಗಂಗವ್ವಗ?"

"ಹೌದ್ರಿ."

ಚಾವಡಿ ಬಿದ್ದು ಬಿದ್ದು ನಕ್ಕಿತು. ಎರಡನೆಯವಳು ಹೋಗಿ ಬಂದಳು. "ಐತ್ರಿ." ನಗೆ ತೆಳುವಾಯಿತು. ಮುಂದಿನವಳಿಗೂ ಇತ್ತು, ಅವಳ ಹಿಂದಿನವಳಿಗೂ ಇತ್ತು. ನೀಲವ್ವ ಹೋಗಿ ಬಂದಾಗ ಯಾರೂ ನಗುತ್ತಿರಲಿಲ್ಲ. ಖಾಜಾಬಿ ಅದೇ ದನಿಯಲ್ಲಿ ಅದೇ ಮಾತು ಹೇಳಿದಳು.

"ಇಕಿ ನಾಟಕ ಹೂಡ್ಯಾಳ," ಎಂದು ಗೌಡರು ತಾಯಿಯ ಕಡೆ ತಿರುಗಿದರು. "ಯವ್ವಾ, ನೀನಽ ಹೋಗಿ ನೋಡು." ಮುದುಕಿ ಕೋಲೂರಿಕೊಂಡು ಒಳಗೆ ಹೋದಳು. ಹೆಂಗಸರನ್ನು ಮತ್ತೆ ಒಳಗೆ ಕಳಿಸಿದರು. ಹೊರಗೆ ಕೂಸು ದನಿ ಒಡೆಯುವಂತೆ ಕಿರುಚಿತು.

ಮುದುಕಿ ಬಾಗಿಲಿಗೆ ಬಂದು ನಿಂತಳು. ನಾನು ಹೊಸ್ತಿಲ ಪಕ್ಕದಲ್ಲೇ ಇದ್ದೆ. ಅವಳ ಬಿಳಿ ಸೀರೆಯ ಎದೆಯ ಮೇಲೆ ಎರಡು ಕಡೆ ಒದ್ದೆಯಾಗಿತ್ತು. ನಾನು ನೋಡುತ್ತಿದ್ದಂತೆಯೇ ಅದು ಹರಡಿತು. ಸೆರಗಿನ ಅಂಚಿನಿಂದ ಹೊಸ್ತಿಲ ಕಲ್ಲಿಗೆ ಹನಿ ಬಿತ್ತು, ಬೆಳ್ಳಗೆ, ಮಂದವಾಗಿ. ಅದರ ಮೇಲೆ ನೊಣ ಕೂತಿತು. ಗೌಡರು ತಾಯಿಯ ಎದೆ ನೋಡಿದರು, ಆಮೇಲೆ ನೆಲ ನೋಡಿದರು. "ಮನಿಗಿ ನಡಿ," ಎಂದಳು ಅವಳು. ಕತ್ತರಿಯನ್ನು ಯಾರೋ ಎತ್ತಿಕೊಂಡು ಹೋದರು. ಚಾವಡಿ ಖಾಲಿಯಾಯಿತು.

ದೊಡ್ಡವ್ವ ಕೂಸನ್ನು ಮಡಿಲಿಗೆ ತೆಗೆದುಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಚೀಪುವ ಸದ್ದು, ಗುಟುಕಿನ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮಧ್ಯಾಹ್ನ ಪೊಲೀಸರ ಜೀಪು ಬಂದು ಕೂಸನ್ನು ಬಿಜಾಪುರಕ್ಕೆ ಒಯ್ದಿತು. ನೀಲವ್ವ ತನ್ನ ಮನೆಯ ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದಳು. ಒಂದು ಹೆಜ್ಜೆ ಮುಂದಿಟ್ಟಿದ್ದರೂ ಸಿಕ್ಕಿಬೀಳುತ್ತಿದ್ದಳು. ಅವಳು ಹೆಜ್ಜೆ ಇಡಲಿಲ್ಲ.

ನಾನು ಸುಮ್ಮನೆ ನಂಬಿದವನಲ್ಲ. ಒಳಗೆ ಆಡಿನ ಹಾಲಿನ ತಂಬಿಗೆಯಿತ್ತು, ಹೆಂಗಸರು ಒಪ್ಪಂದ ಮಾಡಿಕೊಂಡರು ಎಂದು ವಾದ ಹೂಡಿದೆ. ಹಾಗಾದರೆ ಕತ್ತರಿ ತರಿಸಿದ ಮುದುಕಿ ಅದಕ್ಕೆ ಏಕೆ ಸೇರಿದಳು? ಡಾಕ್ಟರಿಕೆ ಓದಿದ ಗೆಳೆಯನನ್ನು ಕೇಳಿದೆ. ಹೆರದವರಿಗೂ ಹಾಲು ಬರಿಸಬಹುದು, ಆದರೆ ವಾರಗಟ್ಟಲೆ ಕೂಸನ್ನು ಎದೆಗೆ ಹಚ್ಚಬೇಕು ಎಂದ. ದೊಡ್ಡವ್ವನನ್ನು ಕೇಳಿದರೆ, "ಕೂಸ ಅಳಾಕತ್ತಿತ್ತಲ್ಲೊ," ಎಂದಳು. ಅದು ಉತ್ತರವಲ್ಲ ಎಂದೆ. "ನಂಗ ಗೊತ್ತಿದ್ದದ್ದು ಅಷ್ಟಽ," ಎಂದಳು.

ಕೆಲವು ದಿನದ ಮೇಲೆ ಒಂದು ಸಂಜೆ ಅವಳು ಜೋಳ ಹಸನು ಮಾಡುತ್ತ ಕೈ ನಿಲ್ಲಿಸಿ ಎದೆ ಮುಟ್ಟಿಕೊಂಡಳು. "ಹಾಲ ನಿಂತಿತು," ಎಂದಳು. "ಕೂಸು ಹೋತು ಕಾಣ್ತೈತಿ." ಓಣಿಯ ಉಳಿದ ಹೆಂಗಸರಿಗೂ ಅದೇ ಸಂಜೆ ನಿಂತಿತ್ತು. ಕೂಸು ಸತ್ತ ಸುದ್ದಿಯನ್ನು ಪೊಲೀಸನೊಬ್ಬ ತಂದದ್ದು ಆಮೇಲೆ. ಅದು ಸತ್ತದ್ದು ಆ ಸಂಜೆಯೇ.

ನೀಲವ್ವನದು ಮಾತ್ರ ನಿಲ್ಲಲಿಲ್ಲ. ಹಾಲು ಬತ್ತಿಸಲು ದೊಡ್ಡವ್ವ ಸಂತೆಯಿಂದ ಮಲ್ಲಿಗೆ ತಂದು ಅವಳ ಕುಪ್ಪಸದೊಳಗೆ ಬಿಗಿದು ಕಟ್ಟುತ್ತಿದ್ದಳು. ಗಂಡ ಸತ್ತ ಮೇಲೆ ಅವಳ ಮೈಗೆ ಹೂವು ತಾಗಿದ್ದು ಅದೇ ಮೊದಲು. ವಿಧವೆಯ ಮೈಯಲ್ಲಿ ಮಲ್ಲಿಗೆಯ ವಾಸನೆ ಎಂದು ಊರು ಆಡಿಕೊಂಡಿತು. ಅವಳು ತಲೆ ತಗ್ಗಿಸಿಕೊಂಡು ಭಾವನ ಮನೆಯ ಕಸ ಗುಡಿಸಿದಳು. ನನ್ನ ರಜೆ ಮುಗಿದಾಗಲೂ ಹಾಲು ಬರುತ್ತಲೇ ಇತ್ತು. ಹೆತ್ತ ಮೈಗೆ ಕೂಸು ಸತ್ತದ್ದು ತಿಳಿಯುವುದಿಲ್ಲ, ಅದು ತನ್ನ ಪಾಡಿಗೆ ಹಾಲು ತಯಾರಿಸುತ್ತದೆ. ಆ ದಿನ ಕಂಡ ಹಾಲಿನಲ್ಲಿ ನನಗೆ ವಿವರಿಸಲು ಬರುವುದು ಅದೊಂದೇ.