ಆಯಿಯ ಇದ್ದಲಿ ಚೀಲ

ಹೋದ ಸೋಮವಾರ ಬೆಳಿಗ್ಗೆ ಹಾನಗಲ್ಲಿನ ನಮ್ಮ ಮನೆ ಮುಂದೆ ಒಂದು ಮೋಟಾರು ನಿಂತಿತ್ತು. ಅದರೊಳಗೆ ಏನೇನು ಹತ್ತಿತ್ತು ಗೊತ್ತೇ? ತಾಮ್ರದ ಹಂಡೆ ಹತ್ತಿತ್ತು. ಬೆಳ್ಳುಳ್ಳಿ ಗಂಟು ಹತ್ತಿತ್ತು. ಅಂಟಿನುಂಡಿಯ ಡಬ್ಬಿ (ಬಾಣಂತಿಗೆ), ಎರಡು ಕೌದಿ, ಒಂದು ಕುಡುಗೋಲು (ದೆವ್ವಕ್ಕೆ), ಬಜೆ ಬೇರು (ಕೂಸಿಗೆ), ಅವಲಕ್ಕಿ ಗಂಟು (ನನಗೆ), ಎಲ್ಲವೂ ಹತ್ತಿದ್ದವು. ನಮ್ಮಜ್ಜಿ ಹತ್ತಿ ಕೂತಿದ್ದಳು. ನಾನೂ ಹತ್ತಿ ಕೂತಿದ್ದೆ.

ಹೆರಬೇಕಾದ ಅಕ್ಕ ಮಾತ್ರ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಳಗೇ ನಿಂತಿದ್ದಳು. ಜಾಗ ಇರಲಿಲ್ಲ!

ಸುಮ್ಮನೆ ನಗಬೇಡಿ. ಇದು ಹದಿನೈದು ದಿನ ತಯಾರಿ ಮಾಡಿ ಸಾಧಿಸಿದ್ದು.

ತಯಾರಿ ಯಾಕೆ ಬೇಕಾಯಿತು ಅಂದರೆ, ಎರಡು ವರ್ಷದ ಹಿಂದೆ ಇದೇ ಅಕ್ಕ, ನಮ್ಮ ಗಂಗಕ್ಕನಿಗೆ, ತವರಿಗೆ ಬರುವ ಮೊದಲೇ, ಗಂಡನ ಊರು ಹಿರೇಕೆರೂರಿನಲ್ಲೇ ಬ್ಯಾನಿ (ಹೆರಿಗೆ ನೋವು) ಸುರುವಾಯಿತು. ಎತ್ತಿನ ಬಂಡಿ ಕಟ್ಟಿದರು. ಬಂಡಿ ದವಾಖಾನೆ ಮುಟ್ಟಿತು, ಕೂಸು ಮುಟ್ಟಲಿಲ್ಲ. ಆಮೇಲೆ ಒಂದು ವರ್ಷ ಅಕ್ಕ ನಕ್ಕಿದ್ದನ್ನು ನಾವು ಯಾರೂ ಕಾಣಲಿಲ್ಲ.

ಈ ಸಲ ಹಾವೇರಿಯ ಡಾಕ್ಟರ್ ಬಾಯಿಯವರು ಮೊದಲೇ ಹೇಳಿಬಿಟ್ಟಿದ್ದರು: ‘ಬ್ಯಾನಿ ಸುರುವಾಗಿ ಮೂರು ತಾಸಿನೊಳಗ ನನ್ನ ಮುಂದ ಇರಬೇಕು. ಬಂಡಿ ಗಿಂಡಿ ಅಂದ್ರ ನಾ ಕೇಳಾಂಗಿಲ್ಲ.’ ವಾರ ಮೊದಲೇ ಬಂದು ಅಲ್ಲೇ ಇರಿ ಅಂತಲೂ ಹೇಳಿದರು. ಅಜ್ಜಿ (ನಾವು ಆಯಿ ಅಂತೇವೆ) ಒಪ್ಪಲಿಲ್ಲ. ‘ಬ್ಯಾನಿ ಇಲ್ಲದಾಗ ದವಾಖಾನಿಗೆ ಹೋಗೂದು ಅಂದ್ರ ರೋಗಕ್ಕ ಕೈ ಮಾಡಿ ಕರೆದಂಗ!’

ಹಾಗಾದರೆ ಮೋಟಾರು ಬೇಕು. ನಮ್ಮ ಓಣಿಯ ಸಾವಕಾರರ ಹತ್ತಿರ ಒಂದು ಇದೆ, ಕೊಡಲಿಕ್ಕೆ ಅವರು ತಯಾರೂ ಇದ್ದರು. ಆದರೆ ಯುದ್ಧ ಎಲ್ಲೋ ನಡೆದಿದೆ, ಪೆಟ್ರೋಲ್ ಮಾತ್ರ ಹಾನಗಲ್ಲಿನಲ್ಲಿ ಸತ್ತಿದೆ. ಈಗ ಆ ಮೋಟಾರು ಓಡುವುದು ಇದ್ದಲಿ ಗ್ಯಾಸಿನ ಮೇಲೆ. ಹಿಂದೆ ಒಂದು ದೊಡ್ಡ ಡ್ರಮ್ಮು ಕೂಡಿಸಿದ್ದಾರೆ. ಅದಕ್ಕೆ ಇದ್ದಲಿ ತುಂಬಿ, ಬೆಂಕಿ ಹಚ್ಚಿ, ಗಾಳಿಯ ಚಕ್ರ ಗರಗರ ತಿರುಗಿಸಿ, ಗ್ಯಾಸು ಹುಟ್ಟುವ ತನಕ ಕಾಯಬೇಕು. ಗ್ಯಾಸು ಹುಟ್ಟದೆ ಮೋಟಾರು ಹೊರಡುವುದಿಲ್ಲ, ಮೋಟಾರು ಹೊರಡದೆ ಕೂಸು ಹುಟ್ಟುವ ಹಾಗಿಲ್ಲ. ಇಂಥ ಪೇಚು ನೀವು ಕೇಳಿದ್ದೀರಾ?

ಮೋಟಾರಿನ ಡ್ರೈವರ್ ಸವಣೂರಿನ ಹಸನ್‌ಸಾಬರು. ಬಾಯಲ್ಲಿ ಸದಾ ಸವಣೂರಿನ ವೀಳ್ಯದೆಲೆ. ಎಲೆ ಅಗಿಯುವ ಲಯದಲ್ಲೇ ಮಾತಾಡುತ್ತಾರೆ. (ಅವರ ದನಿ ನಾನು ಎಷ್ಟು ಚಲೋ ತೆಗೆಯುತ್ತೇನೆ ಅಂದರೆ, ಒಮ್ಮೆ ಸಾವಕಾರರು ಒಳಗಿನಿಂದ ‘ಹಸನಾ, ಗಾಡಿ ತೊಳದ್ಯಾ?’ ಅಂತ ನನ್ನನ್ನೇ ಕೇಳಿದ್ದರು.) ಅವರು ನನ್ನನ್ನು ಕರೆಯುವುದು ‘ನಕಲಿ ಸಾಹೇಬ್ರ’ ಅಂತ.

ನಾನೇ ರಿಹರ್ಸಲ್ ಇಟ್ಟೆ. ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಆಯಿಯ ಹಳೇ ಸೀರೆ ಸುತ್ತಿ, ಪಡಸಾಲೆಯಲ್ಲಿ ‘ಅಯ್ಯಯ್ಯೋ ಯವ್ವಾ!’ ಅಂತ ಕೂಗುವುದು. ಹಸನ್‌ಸಾಬರು ಚಕ್ರ ತಿರುಗಿಸುವುದು. ಅಪ್ಪ ಗಡಿಯಾರ ಹಿಡಿದು ನಿಲ್ಲುವುದು. ಮೊದಲ ದಿನ ಐವತ್ತು ನಿಮಿಷ. ಎರಡನೇ ದಿನ ನಲವತ್ತು. ಮೂರನೇ ದಿನ ಎಷ್ಟಾಯಿತೋ ಗೊತ್ತಿಲ್ಲ, ಓಣಿಯ ಮಂದಿಯೆಲ್ಲ ನೋಡಲು ಬಂದು ಹಸನ್‌ಸಾಬರಿಗೆ ಕೈಯಾಡಿಸಲೂ ಜಾಗ ಉಳಿಯಲಿಲ್ಲ. ಅಕ್ಕ ಕಟ್ಟೆ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಸಾಕೋ ತಮ್ಮಾ, ಈ ನಗಿಗೇ ಹೆರಿಗಿ ಆದೀತು!’

ಆ ನಗುವಿಗಾಗಿಯೇ ನಾನು ನಾಕನೇ ರಿಹರ್ಸಲ್ಲೂ ಇಟ್ಟುಕೊಂಡಿದ್ದೆ, ಸೋಮವಾರ ಬೆಳಿಗ್ಗೆ.

ಆಗಷ್ಟೇ ದಿಂಬು ಕಟ್ಟಿದ್ದೆ. ಅಕ್ಕ ಅಡಿಗೆಮನೆಯಿಂದ ಮೆಲ್ಲಗೆ ಅಂದಳು, ‘ತಮ್ಮಾ, ಹಸನ್‌ಸಾಬ್ರಿಗೆ ಹೇಳಿ ಬಾ.’

ನಾನು ಅವಳದೇ ದನಿಯಲ್ಲಿ, ‘ತಮ್ಮಾ, ಹಸನ್‌ಸಾಬ್ರಿಗೆ ಹೇಳಿ ಬಾ’ ಅಂದೆ.

ಅವಳು ನಗಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀದು ಹೋಗುತ್ತಿತ್ತು, ತಿರುವಿ ಹಾಕಲಿಲ್ಲ.

ಓಡಿದೆ. ಓಣಿ ತುಂಬ ಜನ ನನ್ನ ಹೊಟ್ಟೆ ನೋಡುತ್ತಿದ್ದರು. ಹಸನ್‌ಸಾಬರೂ ನೋಡಿದರು. ‘ಯಾಕ ನಕಲಿ ಸಾಹೇಬ್ರ, ನಿಮಗ ಬ್ಯಾನಿ ಬಂತೇನು?’

‘ಚಾಚಾ, ಖರೇನ ಬಂದೈತಿ! ಅಕ್ಕಗ!’

ಅವರು ಎಲೆ ಉಗುಳಿದರು. ಹಸನ್‌ಸಾಬರು ಅರ್ಧಕ್ಕೆ ಎಲೆ ಉಗುಳಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಮೋಟಾರು ನಮ್ಮ ಬಾಗಿಲಿಗೆ ಬಂತು. ಆಯಿ ಸಾಮಾನು ಹೇರಿಸತೊಡಗಿದಳು. ಅದರ ಫಲವನ್ನು ಆಗಲೇ ಹೇಳಿದೆನಲ್ಲ.

‘ಆಯೀ, ಅಕ್ಕಾರನ್ನ ಬಿಟ್ಟು ಈ ಸಾಮಾನೆಲ್ಲಾ ಹೆರಾಕ ಹೊಂಟಾವೇನ್ರಿ?’ ಅಂದು ಹಸನ್‌ಸಾಬರು ಡ್ರಮ್ಮಿನ ಬೆಂಕಿ ನೋಡಲು ಹಿಂದೆ ಹೋದರು.

ನಾನು ಕೆಳಗೆ ಜಿಗಿದು ಹಂಡೆ ಇಳಿಸಿದೆ, ಕೌದಿ ಇಳಿಸಿದೆ. ಸೀಟಿನ ಹಿಂದೆ ಕೈಹಾಕಿದರೆ ಏನು ಸಿಕ್ಕಿತು? ಇದ್ದಲಿ ಚೀಲ! ಬಾಣಂತಿಗೆ ಬೆಂಕಿ ಕಾಯಿಸಲು ಆಯಿ ಒಂದು ಚೀಲ ಜಾಲಿ ಇದ್ದಲಿ ಕೂಡಿಟ್ಟಿದ್ದಳು. ಅದು ಬೇಡ ಅಂತ ನಾನು, ಬೇಕೇ ಬೇಕು ಅಂತ ಅವಳು, ಇಬ್ಬರಿಗೂ ವಾರದಿಂದ ಜಗಳ.

‘ಹಾವೇರ್ಯಾಗ ಇದ್ದಲಿ ಸಿಗೂದಿಲ್ಲೇನು?’ ಅಂತ ಕೇಳಿದ್ದೆ.

‘ಸಿಗತೈತಿ. ಅದು ಯಾ ಗಿಡದ್ದೋ, ಏನೋ. ಹೊಗಿಗೆ ಕೂಸಿನ ಕಣ್ಣು ಉರಿದ್ರ ನೀ ಊದತೀಯೇನು?’ ಅಂದಿದ್ದಳು. (ಈ ಮಾತನ್ನು ಅವಳದೇ ದನಿಯಲ್ಲಿ ಓಣಿಯ ಹತ್ತು ಮನೆಯಲ್ಲಿ ಮಾಡಿ ತೋರಿಸಿದ್ದೆ.)

ಚೀಲವನ್ನು ಎತ್ತಿ ಕಟ್ಟೆ ಮೇಲೆ ಒಗೆದೆ. ಆಯಿ ತುಟಿ ಪಿಟಕ್ಕೆನ್ನಲಿಲ್ಲ. ಗೆದ್ದೆ ಅಂದುಕೊಂಡೆ. ಆಯಿ ಹಾಗೆಲ್ಲ ಸುಮ್ಮನೆ ಸೋಲುವವಳಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಅಕ್ಕ ಹತ್ತಿದಳು. ಮೋಟಾರು ಹೊರಟಿತು.

ಅರ್ಧ ದಾರಿಗೆ ಒಂದು ದಿಬ್ಬ ಬಂತು. ಮೋಟಾರು ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ನಿಂತಿತು.

‘ಏನಿಲ್ಲ, ಇದ್ದಲಿ ಮುಗದೈತಿ, ಅಷ್ಟ’ ಅಂತ ಹಸನ್‌ಸಾಬರು ಆರಾಮಾಗಿ ಇಳಿದರು. ‘ಸೀಟಿನ ಹಿಂದ ನಂದೊಂದು ಚೀಲ ಐತಲ್ಲ, ಕೊಡ್ರಿ.’

ಸೀಟಿನ ಹಿಂದೆ?

ಬಗ್ಗಿ ನೋಡಿದೆ, ಅಲ್ಲಿ ಏನೂ ಇಲ್ಲ. ನಾನು ಕಟ್ಟೆಗೆ ಒಗೆದದ್ದು ಆಯಿಯ ಚೀಲವಲ್ಲ, ಮೋಟಾರಿನ ಚೀಲ!

ಸುತ್ತ ಭತ್ತದ ಗದ್ದೆ. ಒಂದು ಮನೆ ಇಲ್ಲ, ಒಂದು ಬಂಡಿ ಇಲ್ಲ. ಅಕ್ಕ ನನ್ನ ಮುಂಗೈ ಹಿಡಿದಳು. ಬಳೆ ಒತ್ತುವಷ್ಟು ಬಿಗಿ ಹಿಡಿದಳು. ‘ತಮ್ಮಾ, ಯಾರದರ ದನಿ ಮಾಡೋ. ಹಸನ್‌ಸಾಬ್ರದು ಮಾಡೋ. ನನಗ ಆ ಬಂಡಿ ನೆನಪಾಗಾಕತ್ತೈತಿ.’

ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ. ಬಂದದ್ದು ಒಂದೇ, ಸಣ್ಣ, ನಡುಗುವ, ನಾನೇ ಎಂದೂ ಕೇಳದ ದನಿ: ‘ಆಯೀ... ಈಗೇನ್ ಮಾಡೂದು?’

ಆಯಿ ಕಾಲು ಸರಿಸಿದಳು. ಸೀರೆಯ ನಿರಿಗೆಯ ಹಿಂದೆ, ಪಾದದ ಕೆಳಗೆ, ಕಾಲುಮಣೆಯ ಹಾಗೆ ಕೂತಿತ್ತು ಅವಳ ಇದ್ದಲಿ ಚೀಲ.

‘ತಗೋರಿ ಹಸನ್‌ಸಾಬ್ರ, ಹಾಕ್ರಿ.’

‘ಬಾಣಂತಿಗಿ ಅಂತ ಇಟ್ಟಿದ್ರಲ್ಲಾ ಆಯೀ?’

‘ಮೊದಲ ಬಾಣಂತಿ ಆಗ್ಲಿ.’

ಕಲ್ಲಿನಿಂದ ಇದ್ದಲಿ ಒಡೆದೆ. ಚಕ್ರ ತಿರುಗಿಸಿದೆ. ಜನ್ಮದಲ್ಲಿ ಅಷ್ಟು ಜೋರಾಗಿ ಏನನ್ನೂ ತಿರುಗಿಸಿಲ್ಲ. ಜಾಲಿ ಇದ್ದಲಿ ಕೆಂಪಗೆ ಹತ್ತಿತು, ಹೊಗೆಯೇ ಇಲ್ಲ. (ಆಯಿ ಹೇಳಿದ್ದಳಲ್ಲ.) ಮೋಟಾರು ದಿಬ್ಬ ಏರಿತು.

ಮಧ್ಯಾಹ್ನದ ಊಟದ ಹೊತ್ತಿಗೆ ದವಾಖಾನೆಯ ಒಳಗಿನಿಂದ ಒಂದು ಅಳು ಕೇಳಿತು. ಆಯಿ ಕಣ್ಣು ಮುಚ್ಚಿಕೊಂಡು ಅದು ನಿಲ್ಲುವ ತನಕ ಕೇಳಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. ನರ್ಸ್ ಬಾಯಿ ಹೊರಗೆ ಬಂದರು. ‘ಹೆಣ್ಣುಕೂಸು. ಇಬ್ಬರೂ ಆರಾಮ ಅದಾರ.’ ಆಮೇಲೆ ಮಸಿ ಮುಖದ ನನ್ನನ್ನೂ ನನ್ನ ಹೊಟ್ಟೆಯನ್ನೂ ನೋಡಿ, ‘ಇವ್ರು ಯಾರು?’ ಅಂದರು.

ದಿಂಬು! ಅದನ್ನು ಬಿಚ್ಚುವುದೇ ಮರೆತಿದ್ದೆ.

ಒಳಗೆ ಹೋದರೆ ಅಕ್ಕ ಮಗ್ಗುಲಲ್ಲಿ ಕೂಸು ಮಲಗಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ತುಟಿ ಒಣಗಿತ್ತು. ಆದರೂ ಕಣ್ಣು ಅಗಲ ಮಾಡಿ, ದನಿ ನಡುಗಿಸಿ, ‘ಆಯೀ... ಈಗೇನ್ ಮಾಡೂದು?’ ಅಂದಳು.

ಥೇಟ್ ನಾನೇ! ಆಯಿ ನಕ್ಕಳು, ನರ್ಸ್ ಬಾಯಿ ನಕ್ಕರು, ಬಾಗಿಲ ಹೊರಗೆ ಹಸನ್‌ಸಾಬರು ಎಲೆ ಬಾಯಲ್ಲಿಟ್ಟುಕೊಂಡೇ ನಕ್ಕು ಕೆಮ್ಮಿದರು.

ಈಗ ನೀವೇ ಹೇಳಿ: ಅವತ್ತು ಬೆಳಿಗ್ಗೆ ಆ ಮೋಟಾರಿನಿಂದ ಮೊದಲು ಇಳಿಸಬೇಕಾಗಿದ್ದು ಆಯಿಯ ಚೀಲವನ್ನೋ, ದಿಂಬು ಕಟ್ಟಿಕೊಂಡ ನನ್ನನ್ನೋ?